ಗರ್ಭನಿರೋಧಕ ಮಾತ್ರೆ, ಇಂಜೆಕ್ಷನ್ ಮತ್ತು ಏರುವ ತೂಕ: ಕರಾವಳಿಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಾತ್ರೆ ಶುರು ಮಾಡಿ ಎರಡು ತಿಂಗಳಾಗುವಷ್ಟರಲ್ಲಿ ರವಿಕೆಯ ತೋಳು ಬಿಗಿಯಾಯಿತು ಎಂದುಕೊಳ್ಳಿ. ನಮ್ಮ ಕಡೆ ಹೆಚ್ಚಿನವರು ಮಾಡುವ ಕೆಲಸ ಒಂದೇ: ಹಾಳೆಯಲ್ಲಿ ಉಳಿದ ಮಾತ್ರೆಗಳನ್ನು ಅಲ್ಲಿಗೇ ಬಿಡುವುದು. ಬಿಟ್ಟ ಮೇಲೆ ತೂಕ ಇಳಿಯುತ್ತದೋ ಇಲ್ಲವೋ, ಬೇಡದ ಬಸಿರು ನಿಲ್ಲುವ ದಾರಿಯಂತೂ ತೆರೆದುಕೊಳ್ಳುತ್ತದೆ. ಹಾಗೆಂದು "ತೂಕಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ, ನಿನ್ನ ಭ್ರಮೆ" ಎಂದು ಹೇಳಿ ಕಳಿಸುವುದೂ ಸರಿಯಲ್ಲ. ಕೆಲವು ಮದ್ದುಗಳಿಗೆ ಸಂಬಂಧ ಉಂಟು, ಕೆಲವಕ್ಕೆ ಇಲ್ಲ. ಏರಿದ್ದು ನೀರೋ ಕೊಬ್ಬೋ ಎಂದು ತಿಳಿಯುವುದಕ್ಕೆ ದಾರಿ ಉಂಟು, ಮದ್ದು ಬದಲಿಸುವುದಕ್ಕೂ ಕ್ರಮ ಉಂಟು. ಒಂದೊಂದಾಗಿ ನೋಡೋಣ.

ಹಂತ 1: ನೀವು ತೆಗೆದುಕೊಳ್ಳುತ್ತಿರುವುದು ಯಾವ ಮದ್ದು?

ಎಲ್ಲವನ್ನೂ "ಫ್ಯಾಮಿಲಿ ಪ್ಲಾನಿಂಗ್ ಮಾತ್ರೆ" ಎಂದು ಒಂದೇ ಚೀಲಕ್ಕೆ ಹಾಕುವುದರಿಂದಲೇ ಅರ್ಧ ಗೊಂದಲ. ಹಾಳೆಯ ಹಿಂಬದಿ ಅಥವಾ ಇಂಜೆಕ್ಷನ್ ಕಾರ್ಡು ತೆಗೆದು ಹೆಸರು ಓದಿ.

ಸರಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಎರಡು ಹಾರ್ಮೋನಿನ ಮಾತ್ರೆ. ಇದರಲ್ಲಿ ಲಿವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ, ಎಥಿನೈಲ್ ಎಸ್ಟ್ರಡಯಾಲ್ 0.03 ಮಿ.ಗ್ರಾಂ ಇರುತ್ತದೆ. 21 ಹಾರ್ಮೋನು ಮಾತ್ರೆಯ ನಂತರ ಬರುವ 7 ಮಾತ್ರೆ ಬರೇ ಕಬ್ಬಿಣಾಂಶದ್ದು. ಪಿಸಿಓಡಿಗೆಂದು (ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ) ಡಾಕ್ಟರು ಬರೆದುಕೊಡುವ ಮಾತ್ರೆಗಳಲ್ಲಿ ಹೆಚ್ಚಿನವೂ ಇದೇ ಜಾತಿಯವು, ಲಿವೊನಾರ್ಜೆಸ್ಟ್ರೆಲ್ ಜಾಗದಲ್ಲಿ ಬೇರೆ ಪ್ರೊಜೆಸ್ಟಿನ್ ಹಾರ್ಮೋನು ಇರುತ್ತದೆ, ಅಷ್ಟೇ. ಈ ಗುಂಪಿನ ಮೇಲೆ ನಡೆದ 49 ಪ್ರಯೋಗಗಳನ್ನು ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ 2014ರ ಪರಿಶೀಲನೆ ಒಟ್ಟಿಗೆ ಇಟ್ಟು ನೋಡಿತು. ತೂಕದ ಮೇಲೆ ದೊಡ್ಡ ಪರಿಣಾಮ ಕಾಣಲಿಲ್ಲ. ಮೊದಲ ಎರಡು ಮೂರು ತಿಂಗಳು ಮೈ ಸ್ವಲ್ಪ ಊದಿದ ಹಾಗೆ ಆಗುವುದು ಮಾತ್ರ ಹಲವರ ಅನುಭವ. ಇದರಲ್ಲಿರುವ ಈಸ್ಟ್ರೊಜೆನ್ (ಎಥಿನೈಲ್ ಎಸ್ಟ್ರಡಯಾಲ್) ಮೂತ್ರಪಿಂಡಕ್ಕೆ ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಹೇಳುತ್ತದೆ. ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ. ಅದು ಕೊಬ್ಬಲ್ಲ, ಹೆಚ್ಚಿನವರಲ್ಲಿ ಮೂರನೇ ಹಾಳೆ ಮುಗಿಯುವಾಗ ತಗ್ಗುತ್ತದೆ.

ಅಂತರಾ ಇಂಜೆಕ್ಷನ್ನಿನ ಕತೆಯೇ ಬೇರೆ. ತೂಕದ ವಿಷಯದಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಇದಕ್ಕೆ. 2017ರಿಂದ ಸರಕಾರ ಉಚಿತವಾಗಿ ಕೊಡುತ್ತಿರುವ ಇದು ಮೆಡ್ರಾಕ್ಸಿಪ್ರೊಜೆಸ್ಟಿರೋನ್ 150 ಮಿ.ಗ್ರಾಂ, ಮೂರು ತಿಂಗಳಿಗೊಮ್ಮೆ. ಸರಾಸರಿ ವರ್ಷಕ್ಕೆ 1ರಿಂದ 2 ಕೆಜಿ ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯೇ ಹೇಳುತ್ತದೆ. ವಯಸ್ಸಿನೊಂದಿಗೆ ಎಲ್ಲರಿಗೂ ಏರುವ ತೂಕವೂ ಅದರೊಳಗೆ ಸೇರಿದೆ. ಆದರೆ ಸರಾಸರಿ ಎನ್ನುವ ಲೆಕ್ಕ ತುಸು ಮೋಸದ್ದು. ಕೆಲವರಿಗೆ ಏನೂ ಏರುವುದಿಲ್ಲ, ಕೆಲವರಿಗೆ ಇಳಿಯುವುದೂ ಉಂಟು, ಇನ್ನು ಕೆಲವರಿಗೆ ಸರಾಸರಿಗಿಂತ ಬಹಳ ಹೆಚ್ಚು ಏರುತ್ತದೆ. ಆ ಕೊನೆಯ ಗುಂಪಿನವರನ್ನು ಮೊದಲ ಆರು ತಿಂಗಳಲ್ಲೇ ಗುರುತಿಸಬಹುದು, ಹೇಗೆಂದು ಮೂರನೇ ಹಂತದಲ್ಲಿ ಹೇಳುತ್ತೇವೆ.

ಪ್ರೊಜೆಸ್ಟಿನ್ ಒಂದೇ ಇರುವ ಮಾತ್ರೆ ಮತ್ತು ತೋಳಿನ ಚರ್ಮದಡಿ ಇಡುವ ಕಡ್ಡಿಯಲ್ಲಿ ಒಂದು ವರ್ಷದ ಸರಾಸರಿ ಏರಿಕೆ ಹೆಚ್ಚಿನ ಅಧ್ಯಯನಗಳಲ್ಲಿ 2 ಕೆಜಿಗಿಂತ ಕಡಿಮೆ. ಹಾರ್ಮೋನು ಇರುವ ವಂಕಿಯ (ಕಾಪರ್-ಟಿಯ ಹಾಗೆ ಗರ್ಭಕೋಶದೊಳಗೆ ಇಡುವಂಥದ್ದು) ಮದ್ದು ಬಹುಪಾಲು ಗರ್ಭಕೋಶದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಅತಿ ಕಡಿಮೆ. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ. ಆದರೂ ಕಾಪರ್-ಟಿ ಹಾಕಿಸಿಕೊಂಡವರ ತೂಕವನ್ನು ವರ್ಷಗಟ್ಟಲೆ ಅಳೆದಾಗ ಅದೂ ಏರಿದ್ದೇ ಕಂಡಿದೆ. ಮದುವೆ, ಹೆರಿಗೆ, ಕೂತು ಮಾಡುವ ಕೆಲಸ, ನಲವತ್ತರ ಹೊಸ್ತಿಲು, ಇವೆಲ್ಲ ಗರ್ಭನಿರೋಧಕ ತೆಗೆದುಕೊಳ್ಳುವ ಕಾಲದಲ್ಲೇ ಬರುತ್ತವಲ್ಲ.

ಛಾಯಾ ಮಾತ್ರೆಯನ್ನೂ ಹಾರ್ಮೋನಿನದ್ದು ಎಂದು ತಿಳಿದವರಿದ್ದಾರೆ. ಅದು ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ, ಸ್ಟಿರಾಯ್ಡ್ ಹಾರ್ಮೋನು ಇಲ್ಲದ ಮದ್ದು.

ಹಂತ 2: ಪುಸ್ತಕ ಇಡಿ

ಮೊದಲ ದಿನದ ತೂಕ ಬರೆದಿಡದೆ ಇದ್ದರೆ ಮುಂದಿನ ಯಾವ ಮಾತೂ ಊಹೆಯೇ. ಮಾತ್ರೆ ಶುರು ಮಾಡುವ ವಾರ ಅಥವಾ ಇಂಜೆಕ್ಷನ್ನಿನ ದಿನ ಮೂರು ಅಂಕಿ ಬರೆದುಕೊಳ್ಳಿ: ತೂಕ, ಸೊಂಟದ ಸುತ್ತಳತೆ, ಬಿಪಿ. ಅಂತರಾ ಕಾರ್ಡಿನಲ್ಲಿ ತೂಕ ಬರೆಯದೆ ಕೊಟ್ಟರೆ ಬರೆಸಿಕೊಳ್ಳಿ. ಈಗಾಗಲೇ ನಾಲ್ಕು ತಿಂಗಳು ಕಳೆದಿದ್ದರೆ ಹಳೆಯ ಒಪಿಡಿ ಚೀಟಿ, ಗರ್ಭಿಣಿ ಕಾಲದ ತಾಯಿ ಕಾರ್ಡು ಹುಡುಕಿ, ಅದರಲ್ಲಿ ತೂಕ ಇದ್ದೀತು.

ತೂಕ ನೋಡಬೇಕಾದದ್ದು ಬೆಳಿಗ್ಗೆ, ಮೂತ್ರ ಹೋಗಿ ಬಂದ ಮೇಲೆ, ಚಾ ಕುಡಿಯುವ ಮೊದಲು, ತೆಳು ನೈಟಿಯಲ್ಲಿ. ಯಾವಾಗಲೂ ಒಂದೇ ತಕ್ಕಡಿ. ಇವತ್ತು ಮೆಡಿಕಲ್‌ನಲ್ಲಿ, ಮುಂದಿನ ವಾರ ರೈಲ್ವೇ ಸ್ಟೇಷನ್ನಿನ ಮಿಷನ್ನಿನಲ್ಲಿ, ಆಮೇಲೆ ಅಕ್ಕನ ಮನೆಯಲ್ಲಿ ಅಂತ ನೋಡಿದರೆ ತಕ್ಕಡಿಯ ವ್ಯತ್ಯಾಸವೇ ಒಂದೆರಡು ಕೆಜಿ ತೋರಿಸೀತು. ಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ಅದನ್ನು ಗಟ್ಟಿ ನೆಲದ ಮೇಲೆ ಇಡಿ, ಚಾಪೆಯ ಮೇಲೆ ಬೇಡ.

ವಾರಕ್ಕೆ ಮೂರು ದಿನ ನೋಡಿ, ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ. ದಿನದಿಂದ ದಿನಕ್ಕೆ ಒಂದು, ಒಂದೂವರೆ ಕೆಜಿ ಆಚೀಚೆ ಆಗುವುದು ಆರೋಗ್ಯವಂತರಿಗೂ ಸಹಜ. ನೆಂಟರ ಮನೆಯ ಊಟದ ಮರುದಿನ ಕೋರಿ ರೊಟ್ಟಿಯೂ ಉಪ್ಪಿನಕಾಯಿಯೂ ತಕ್ಕಡಿಯಲ್ಲಿ ಕಾಣಿಸುತ್ತವೆ, ಮೂರು ದಿನ ಬಿಟ್ಟು ಹೋಗುತ್ತವೆ. ಮುಟ್ಟಿನ ಮೊದಲ ವಾರದ ತೂಕವನ್ನು ಮುಟ್ಟು ಮುಗಿದ ವಾರದ ತೂಕಕ್ಕೆ ಹೋಲಿಸಬೇಡಿ. ಹಾಳೆಯ ಎರಡನೇ ವಾರಕ್ಕೆ ಮುಂದಿನ ಹಾಳೆಯ ಎರಡನೇ ವಾರ, ಹಾಗೆ ಹೋಲಿಸಿ.

ಸೊಂಟ ಅಳೆಯುವಾಗ ಲಂಗದ ಲಾಡಿ ಕಟ್ಟುವ ಜಾಗ ಹಿಡಿಯಬೇಡಿ. ಪಕ್ಕದಲ್ಲಿ ಕೊನೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ಮೇಲ್ತುದಿಯನ್ನೂ ಬೆರಳಿನಿಂದ ಮುಟ್ಟಿ ನೋಡಿ, ಎರಡರ ನಡುಮಧ್ಯೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಓದಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಕೊಬ್ಬು ಜಾಸ್ತಿ ಎಂದು ಲೆಕ್ಕ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ಹೆಚ್ಚುವರಿ ತೂಕ, 25ಕ್ಕೆ ಬೊಜ್ಜು. ಹೊರದೇಶದ ಆಪ್‌ಗಳು 25ರವರೆಗೆ ಹಸಿರು ಬಣ್ಣ ತೋರಿಸುತ್ತವೆ, ನಂಬಬೇಡಿ.

ಹಂತ 3: ನೀರೋ, ಕೊಬ್ಬೋ, ಬೇರೆ ಕಾಯಿಲೆಯೋ

ನೀರಿನ ಲಕ್ಷಣ ಹೀಗೆ: ಒಂದೆರಡು ವಾರದಲ್ಲೇ ಏರುತ್ತದೆ, ಸಂಜೆಗೆ ಉಂಗುರ ಬಿಗಿ, ಕಾಲುಂಗುರದ ಗುರುತು ಆಳ, ಎದೆ ಭಾರ, ಸೊಂಟದ ಅಳತೆ ಹೆಚ್ಚು ಬದಲಾಗಿಲ್ಲ. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಅದು ಮಾತ್ರೆಯ ಸಣ್ಣ ಊತವಲ್ಲ. ಬಿಪಿ, ಮೂತ್ರ, ಹೃದಯ ನೋಡಿಸಬೇಕು.

ಕೊಬ್ಬು ನಿಧಾನ. ತಿಂಗಳಿಗೆ ಕಾಲು ಕೆಜಿ, ಅರ್ಧ ಕೆಜಿ. ಸೊಂಟದ ಅಳತೆಯೂ ಒಟ್ಟಿಗೇ ಏರುತ್ತದೆ, ಸಂಜೆ ಬೆಳಿಗ್ಗೆ ಎಂಬ ಭೇದ ಇಲ್ಲ.

ಮೂರನೆಯದನ್ನೇ ಜನ ಮರೆಯುವುದು. ಕೂದಲು ಉದುರುವುದು, ಮಲಬದ್ಧತೆ, ಚಳಿ ತಡೆಯದೆ ಇರುವುದು, ಸುಸ್ತು ಇದ್ದರೆ ಥೈರಾಯ್ಡಿನ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಈಗಾಗಲೇ ಥೈರಾಯ್ಡಿಗೆ ಥೈರಾಕ್ಸಿನ್ ನುಂಗುವವರಿಗೆ ಒಂದು ಮಾತು: ಎರಡು ಹಾರ್ಮೋನಿನ ಮಾತ್ರೆ ಶುರುವಾದ ಮೇಲೆ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಕಟ್ಟಿಹಾಕುವ ಪ್ರೋಟೀನು ಹೆಚ್ಚುತ್ತದೆ, ಹಾಗಾಗಿ ಹಳೆಯ ಡೋಸು ಸಾಲದೆ ಹೋಗಬಹುದು. ಶುರು ಮಾಡಿ ಆರೆಂಟು ವಾರಕ್ಕೆ ಟಿಎಸ್‌ಎಚ್ ಮತ್ತೊಮ್ಮೆ ನೋಡಿಸಿದರೆ "ಮಾತ್ರೆಯಿಂದ ದಪ್ಪ ಆದೆ" ಎನ್ನುವ ಕೆಲವು ಪ್ರಕರಣ ಅಲ್ಲಿಗೇ ಮುಗಿಯುತ್ತವೆ. ಪಿಸಿಓಡಿ ಇರುವವರ ತೂಕ ಮಾತ್ರೆಗಿಂತ ಮೊದಲೇ ಏರುತ್ತಾ ಬಂದಿರುತ್ತದೆ, ಮಾತ್ರೆ ಆ ಏರಿಕೆಯ ನಡುವೆ ಬಂದು ಕೂತದ್ದು. ಮಾತ್ರೆ ಎರಡು ಮೂರು ದಿನ ತಪ್ಪಿತ್ತೇ, ಕಬ್ಬಿಣದ ಮಾತ್ರೆಯ ವಾರದಲ್ಲಿ ಮುಟ್ಟು ಬರಲಿಲ್ಲವೇ? ಹಾಗಿದ್ದರೆ ಊಟದ ಪಟ್ಟಿ ಬದಿಗಿಟ್ಟು ಮೊದಲು ಮೂತ್ರದ ಗರ್ಭ ಪರೀಕ್ಷೆ ಮಾಡಿ.

ಹೆರಿಗೆಯಾಗಿ ಆರು ವಾರಕ್ಕೆ ಅಂತರಾ ಹಾಕಿಸಿಕೊಂಡವರ ಲೆಕ್ಕ ಇನ್ನೂ ತೊಡಕಿನದ್ದು. ಅದೇ ಸಮಯಕ್ಕೆ ಮನೆಯಲ್ಲಿ ತುಪ್ಪ ಸುರಿದ ಬಾಣಂತಿ ಲೇಹ, ಕಾಯಿಹಾಲು ಬೆಲ್ಲದ ಮೆಂತೆ ಗಂಜಿ, ಮೇಲೆ ಮಲಗಿಯೇ ಇರಬೇಕೆಂಬ ಕಟ್ಟುಪಾಡು. ಮೂರು ತಿಂಗಳಿಗೆ 4 ಕೆಜಿ ಏರಿದರೆ ದೂರು ಮಾತ್ರ ಇಂಜೆಕ್ಷನ್ನಿಗೆ. ಅತ್ತೆಯ ಲೇಹಕ್ಕೆ ದೂರು ಹೇಳುವ ಧೈರ್ಯ ಯಾರಿಗುಂಟು?

ಈಗ ತೀರ್ಮಾನದ ಗೆರೆಗಳು. ಮಾತ್ರೆಯಾದರೆ ಮೂರು ಹಾಳೆ ಮುಗಿಯುವವರೆಗೆ 2 ಕೆಜಿ ಒಳಗಿನ ಏರಿಕೆಗೆ ಮದ್ದು ಬದಲಿಸಬೇಡಿ, ನಾಲ್ಕನೇ ಹಂತ ಮಾಡಿ ನೋಡಿ. ಇಂಜೆಕ್ಷನ್ನಾದರೆ ಆರು ತಿಂಗಳಿಗೆ, ಅಂದರೆ ಮೂರನೇ ಡೋಸಿಗೆ ಹೋಗುವ ದಿನ, ಮೊದಲ ದಿನದ ತೂಕದ ನೂರಕ್ಕೆ 5ರಷ್ಟು ಏರಿದೆಯೇ ನೋಡಿ. 50 ಕೆಜಿ ಇದ್ದವರಿಗೆ ಎರಡೂವರೆ, 60 ಇದ್ದವರಿಗೆ 3, 70 ಇದ್ದವರಿಗೆ ಮೂರೂವರೆ ಕೆಜಿ. ಅದನ್ನು ದಾಟಿದವರಿಗೆ ಮುಂದೆಯೂ ಹಾಗೇ ಏರುತ್ತಾ ಹೋಗುವ ಸಂಭವ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಅವರು ಮೂರನೇ ಡೋಸು ಚುಚ್ಚಿಸಿಕೊಳ್ಳುವ ಮೊದಲೇ ಬದಲಿ ಮಾತಾಡಬೇಕು. ಚುಚ್ಚಿದ ಮೇಲೆ ಮೂರು ತಿಂಗಳು ಮದ್ದನ್ನು ಹೊರಗೆ ತೆಗೆಯುವ ದಾರಿ ಇಲ್ಲ.

ಒಂದು ಕಾಲು ಮಾತ್ರ ಊದಿ ಮೀನಖಂಡ ನೋಯುವುದು, ಎದೆನೋವು, ಹಠಾತ್ ಉಸಿರುಗಟ್ಟುವುದು, ಕಣ್ಣು ಮಂಜಾಗಿ ತೀವ್ರ ತಲೆನೋವು, ಇವು ತೂಕದ ವಿಷಯವೇ ಅಲ್ಲ. ರಕ್ತ ಹೆಪ್ಪುಗಟ್ಟಿರಬಹುದು, ಆ ದಿನವೇ ಆಸ್ಪತ್ರೆಗೆ ಹೋಗಿ.

ಹಂತ 4: ನೀರಾದರೆ ಉಪ್ಪು ಹಿಡಿಯಿರಿ

ದಿನಕ್ಕೆ ಒಬ್ಬರಿಗೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ. ನಮ್ಮ ಕಡೆ ಅಷ್ಟೂ ಉಪ್ಪು ಮಧ್ಯಾಹ್ನದ ಊಟಕ್ಕೇ ಮುಗಿದಿರುತ್ತದೆ. ಸಾರು ಪಲ್ಯಕ್ಕೆ ಹಾಕುವ ಉಪ್ಪಿಗಿಂತ ಬಟ್ಟಲಿನ ಬದಿಯಲ್ಲಿ ಬರುವುದೇ ಹೆಚ್ಚು: ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಗಂಜಿಗೆ ಹಾಕಿಕೊಳ್ಳುವ ಕಲ್ಲುಪ್ಪು.

ಆಟಿ ತಿಂಗಳಲ್ಲಿ ಇದು ತುದಿಗೇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ತಾಜಾ ಮೀನು ಕಡಿಮೆ, ಒಣಮೀನು ಜಾಸ್ತಿ. ತರಕಾರಿಯ ಬದಲು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಹೊರಗೆ ಮಳೆ, ನಡಿಗೆ ಇಲ್ಲ. ಮೇ ಕೊನೆಗೆ ಮಾತ್ರೆ ಶುರು ಮಾಡಿದವರಿಗೆ ಜುಲೈಯಲ್ಲಿ ಮೈ ಊದಿದರೆ ಮಾತ್ರೆಯ ಪಾಲೆಷ್ಟು, ಸೊಳೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಅದಕ್ಕೆ ಉಪ್ಪು ಕಡಿಮೆ ಮಾಡಿ ನೋಡುವುದೇ ಪರೀಕ್ಷೆ.

ಹತ್ತು ದಿನ ಹೀಗೆ ಮಾಡಿ. ಸೊಳೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಎರಡು ಮೂರು ಸಲ ನೀರು ಬದಲಿಸಿ, ಹಿಂಡಿ, ಪಲ್ಯಕ್ಕೆ ಬೇರೆ ಉಪ್ಪು ಹಾಕಬೇಡಿ. ಒಣಮೀನು ವಾರಕ್ಕೊಮ್ಮೆ ಮಾತ್ರ, ಬಿಸಿನೀರಲ್ಲಿ ತೊಳೆದು. ಉಪ್ಪಿನಕಾಯಿಯ ಬದಲು ತಿಮರೆ ಚಟ್ನಿ ಅಥವಾ ಲಿಂಬೆಹುಳಿ ಹಿಂಡಿದ ಹಸಿಮೆಣಸು. ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ಅದರಿಂದ ಊತ ಇಳಿಯುವುದಿಲ್ಲ. ಉಪ್ಪೇ ಕಾರಣವಾದರೆ ಹತ್ತು ದಿನದಲ್ಲಿ ಉಂಗುರ ಸಡಿಲಾಗುತ್ತದೆ.

ಮೂರು ಹಾಳೆ ಮುಗಿದರೂ ಊತ ನಿಂತೇ ಇದ್ದರೆ ಡಾಕ್ಟರಲ್ಲಿ ಈಸ್ಟ್ರೊಜೆನ್ ಕಡಿಮೆ ಇರುವ ಅಥವಾ ಡ್ರೊಸ್ಪಿರೆನೋನ್ ಇರುವ ಮಾತ್ರೆಯ ಬಗ್ಗೆ ಕೇಳಿ. ಡ್ರೊಸ್ಪಿರೆನೋನ್ ಉಪ್ಪನ್ನು ಸ್ವಲ್ಪ ಹೊರಗೆ ಹಾಕುವ ಜಾತಿಯದ್ದು. ಆದರೆ ರಕ್ತ ಹೆಪ್ಪುಗಟ್ಟುವ ಅಪಾಯ ಮಾಲಾ-ಎನ್ ಜಾತಿಯ ಮಾತ್ರೆಗಿಂತ ತುಸು ಹೆಚ್ಚು. ಪೊಟ್ಯಾಶಿಯಂ ಏರಿಸುವ ಗುಣವೂ ಉಂಟು, ಹಾಗಾಗಿ ಮೂತ್ರಪಿಂಡದ ತೊಂದರೆ ಇರುವವರಿಗೆ ಕೊಡುವುದಿಲ್ಲ. ಬಿಪಿಯ ಮದ್ದು ತೆಗೆದುಕೊಳ್ಳುತ್ತಿದ್ದರೆ ಹೆಸರು ಸಮೇತ ಹೇಳಿ. ಮೆಡಿಕಲ್‌ನಿಂದ ಮೂತ್ರ ಹೋಗಿಸುವ ಮಾತ್ರೆ ತಂದು ನುಂಗುವುದು ಬೇಡವೇ ಬೇಡ.

ಹಂತ 5: ಕೊಬ್ಬಾದರೆ ಒಂದು ಚಮಚದ ಲೆಕ್ಕ

ಒಂದು ಕೆಜಿ ಕೊಬ್ಬು ಎಂದರೆ ಅಂದಾಜು 7,700 ಕ್ಯಾಲರಿ. ಅಂತರಾದವರಿಗೆ ವರ್ಷಕ್ಕೆ 2 ಕೆಜಿ ಏರಿತೆಂದರೆ 15,400 ಕ್ಯಾಲರಿ, ದಿನಕ್ಕೆ ಹಂಚಿದರೆ 42. ಅಷ್ಟು ಕ್ಯಾಲರಿ ಒಂದು ಟೀ ಚಮಚ ತೆಂಗಿನೆಣ್ಣೆಯಲ್ಲಿ ಉಂಟು. ಶರೀರ ಇಷ್ಟು ನೇರವಾಗಿ ಕೂಡಿ ಕಳೆಯುವ ಯಂತ್ರವಲ್ಲ ನಿಜ, ಆದರೂ ಈ ಲೆಕ್ಕದಿಂದ ಒಂದು ವಿಷಯ ತಿಳಿಯುತ್ತದೆ. ಈ ತೂಕ ತಡೆಯಲು ಉಪವಾಸ ಬೇಡ, ಅನ್ನ ಬಿಡುವುದು ಬೇಡ, ದಿನಕ್ಕೊಂದೆರಡು ಸಣ್ಣ ಬದಲಾವಣೆ ವರ್ಷವಿಡೀ ನಿಂತರೆ ಸಾಕು. ಆಗಲೇ ಏರಿದ್ದನ್ನು ಇಳಿಸಬೇಕಾದರೆ ದಿನಕ್ಕೆ 300ರಿಂದ 500 ಕ್ಯಾಲರಿ ಕಡಿಮೆ, ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ. ಅದಕ್ಕಿಂತ ಜೋರು ಬೇಡ.

ಎಲ್ಲಿ ಕಡಿಮೆ ಮಾಡುವುದು? ಮೊದಲು ಚಾ. ದಿನಕ್ಕೆ ನಾಲ್ಕು ಲೋಟ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ 160 ಕ್ಯಾಲರಿ, ಬಿಸ್ಕತ್ತು ಬೇರೆ. ಎರಡು ಲೋಟಕ್ಕೆ ಇಳಿಸಿ, ಒಂದೊಂದೇ ಚಮಚ ಹಾಕಿದರೆ 120 ಉಳಿಯಿತು. ಆಮೇಲೆ ತೆಂಗಿನಕಾಯಿ. ಒಂದು ಹಿಡಿ ತುರಿಯಲ್ಲಿ, ಅಂದರೆ 25ರಿಂದ 30 ಗ್ರಾಂ, ಸುಮಾರು 100 ಕ್ಯಾಲರಿ. ಗಸಿಗೂ ಪಲ್ಯಕ್ಕೂ ಚಟ್ನಿಗೂ ಒಂದೇ ಹೊತ್ತಿಗೆ ಕಾಯಿ ಬೀಳುವ ಮನೆ ನಮ್ಮದು. ಒಂದು ಹೊತ್ತಿಗೆ ಒಂದೇ ಪದಾರ್ಥಕ್ಕೆ ಕಾಯಿ ಎಂದು ನಿಯಮ ಮಾಡಿ: ಗಸಿ ಇದ್ದ ದಿನ ಪಲ್ಯ ಒಗ್ಗರಣೆಯದ್ದು, ಚಟ್ನಿ ಇದ್ದ ಬೆಳಿಗ್ಗೆಯ ನಂತರ ಮಧ್ಯಾಹ್ನ ತಿಳಿಸಾರು. ಕಾಯಿಯನ್ನು ಪೂರಾ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಹೇಳುವುದೂ ವ್ಯರ್ಥ.

ಕುಚ್ಚಲಕ್ಕಿ ಒಳ್ಳೆಯದೇ. ಆದರೆ ಒಳ್ಳೆಯದು ಎಂದು ಅಳತೆ ಇಲ್ಲದೆ ಬಡಿಸಿಕೊಂಡರೆ ಅದೂ ಅಕ್ಕಿಯೇ, 100 ಗ್ರಾಂ ಹಸಿ ಅಕ್ಕಿಗೆ ಸುಮಾರು 350 ಕ್ಯಾಲರಿ. ಒಂದು ಸಲ ಅಡುಗೆ ತಕ್ಕಡಿಯಲ್ಲಿ 50 ಗ್ರಾಂ ಅಕ್ಕಿ ತೂಗಿ, ಬೇಯಿಸಿ, ನಿಮ್ಮ ಬಟ್ಟಲಿನಲ್ಲಿ ಎಲ್ಲಿವರೆಗೆ ಬರುತ್ತದೆ ನೋಡಿಟ್ಟುಕೊಳ್ಳಿ. ಒಂದು ಹೊತ್ತಿಗೆ ಅದೇ ಗೆರೆ. ರಾತ್ರಿ ತಿಳಿ ಸಮೇತ ಬಿಸಿ ಗಂಜಿ ಕುಡಿದರೆ ಅಷ್ಟೇ ಅಕ್ಕಿಗೆ ಹೊಟ್ಟೆ ಹೆಚ್ಚು ತುಂಬುತ್ತದೆ. ನೀರುದೋಸೆ ತೆಳುವೆಂದು ಎಂಟು ಹತ್ತು ಹೋಗುವುದುಂಟು, ಅದಕ್ಕೂ ನಾಲ್ಕು ಎಂದು ಎಣಿಸಿಯೇ ಕೂರಿ. ಗೋಳಿಬಜೆ, ಬನ್ಸು, ಚರುಮುರಿಗೆ ಕಟ್ಟಿದ ಎಣ್ಣೆ ಮಿಕ್ಸ್‌ಚರು ದಿನದ ಸಂಜೆತಿಂಡಿ ಆಗಬಾರದು. ಶನಿವಾರಕ್ಕೆ ಇಟ್ಟುಕೊಳ್ಳಿ. ಗಡ್‌ಬಡ್ ಐಸ್‌ಕ್ರೀಮನ್ನು ಇಬ್ಬರು ಹಂಚಿಕೊಂಡರೆ ಯಾರಿಗೂ ನಷ್ಟವಿಲ್ಲ.

ಇಂಜೆಕ್ಷನ್ ಹಾಕಿಸಿಕೊಂಡ ಹಲವರು ಹೇಳುವುದು ಹಸಿವೆಯ ಬಗ್ಗೆ. ಸಂಜೆ ನಾಲ್ಕಕ್ಕೆ ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಇದಕ್ಕೆ ಮನಸ್ಸು ಗಟ್ಟಿ ಮಾಡುವುದಕ್ಕಿಂತ ಬೆಳಗ್ಗಿನ ತಿಂಡಿಗೆ ಪ್ರೋಟೀನು ಸೇರಿಸುವುದು ಲೇಸು. ದಿನಕ್ಕೆ ಬೇಕಾದದ್ದು ದೇಹತೂಕದ ಕೆಜಿಗೆ 0.83 ಗ್ರಾಂ, 60 ಕೆಜಿಯವರಿಗೆ 50 ಗ್ರಾಂ. ಬರೇ ದೋಸೆ ಚಟ್ನಿಯಲ್ಲಿ ಅದರ ಹತ್ತರಲ್ಲೊಂದು ಪಾಲು ಸಿಕ್ಕಿದರೆ ಹೆಚ್ಚು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬಂಗುಡೆಯ 100 ಗ್ರಾಂ ಮಾಂಸದಲ್ಲಿ 19 ಗ್ರಾಂ ಆಸುಪಾಸು. ಬಂಗುಡೆ, ಭೂತಾಯಿಗೆ ಹೊಂಡ ತುಂಬ ಎಣ್ಣೆ ಬೇಡ, ಕಾವಲಿಯಲ್ಲಿ ಎರಡು ಚಮಚ ಸಾಕು, ಅವುಗಳಲ್ಲಿ ತಮ್ಮದೇ ಎಣ್ಣೆ ಉಂಟು. ಮೀನಿಲ್ಲದ ತಿಂಗಳಲ್ಲಿ ಹುರುಳಿ ಸಾರು, ಮೊಳಕೆ ಹೆಸರು, ಅಲಸಂಡೆ ಬೀಜ. ಚಾತುರ್ಮಾಸ್ಯ ಹಿಡಿಯುವ ಮನೆಗಳಲ್ಲಿ ದ್ವಿದಳ ವ್ರತದ ತಿಂಗಳು ಬೇಳೆಕಾಳು ಬರುವುದಿಲ್ಲ, ಆಗ ಹಾಲು ಮೊಸರು ಪನೀರಿನಿಂದ ತುಂಬಿಸಿ.

ಅಂತರಾ ತೆಗೆದುಕೊಳ್ಳುವವರು ಕಠಿಣ ಡಯೆಟ್ ಮಾಡಬಾರದು ಎನ್ನಲು ಇನ್ನೊಂದು ಕಾರಣ ಮೂಳೆ. ಈ ಮದ್ದು ತೆಗೆದುಕೊಳ್ಳುವಷ್ಟು ಕಾಲ ಮೂಳೆಯ ಸಾಂದ್ರತೆ ಸ್ವಲ್ಪ ತಗ್ಗುತ್ತದೆ, ಬಿಟ್ಟ ಮೇಲೆ ಬಹುಪಾಲು ಮರಳುತ್ತದೆ. ಊಟವನ್ನೂ ಅರ್ಧ ಮಾಡಿ, ಹಾಲನ್ನೂ ಬಿಟ್ಟರೆ ಎರಡು ಕಡೆಯಿಂದ ಹೊಡೆತ. ರಾಗಿಯ ಅಂಬಲಿ, ಮುಳ್ಳುಸಮೇತ ತಿನ್ನುವ ಸಣ್ಣ ಮೀನು, ಮಜ್ಜಿಗೆ ಬಟ್ಟಲಿನಲ್ಲಿ ಇರಲಿ.

ಹಂತ 6: ಮೈ ಆಡಿಸುವುದು

ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕದ್ರಿ ಪಾರ್ಕು, ಪಣಂಬೂರು, ಉಡುಪಿಯವರಿಗೆ ಅಜ್ಜರಕಾಡು, ಮಲ್ಪೆ, ಜಾಗಕ್ಕೆ ಬರ ಇಲ್ಲ. ಬರ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆಗಾಲದ ಯೋಜನೆಯನ್ನು ಮೇ ತಿಂಗಳಲ್ಲೇ ಮಾಡಿ: ಫ್ಲಾಟಿನವರು ಮೆಟ್ಟಿಲು ಹತ್ತು ನಿಮಿಷ ಎರಡು ಸಲ, ಮನೆಯವರು ಜಗಲಿಯ ಉದ್ದಕ್ಕೆ ನಡಿಗೆ, ಹನ್ನೆರಡು ಸೂರ್ಯನಮಸ್ಕಾರ.

ಬೀಡಿ ಕಟ್ಟುವವರಿಗೂ ಹೊಲಿಗೆ ಮಿಷನ್ನಿನವರಿಗೂ ಬ್ಯಾಂಕಿನವರಿಗೂ ತೊಂದರೆ ಒಂದೇ, ಆರು ಗಂಟೆ ಒಂದೇ ಕಡೆ ಕೂರುವುದು. ಮುಕ್ಕಾಲು ಗಂಟೆಗೊಮ್ಮೆ ಎದ್ದು ಮೂರು ನಿಮಿಷ ಓಡಾಡಿ, ಕೂತಲ್ಲೇ ಪಾದ ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ. ಕಾಲಿನ ಊತಕ್ಕೂ ಒಳ್ಳೆಯದು. ವಾರಕ್ಕೆ ಎರಡು ದಿನ ಸ್ನಾಯುವಿಗೆ ಭಾರ ಬೇಕು: ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ, ಎರಡು ಕೈಯಲ್ಲಿ ನೀರು ತುಂಬಿದ ಬಾಟಲಿ ಎತ್ತುವುದು. ಮೂಳೆಗೆ ನಡಿಗೆಗಿಂತ ಇದು ಮುಖ್ಯ.

ಹಂತ 7: ಇಳಿಸಲು ಹೋಗಿ ಮಾತ್ರೆಯನ್ನು ಕೆಡಿಸಬೇಡಿ

ತೂಕ ಇಳಿಸುವ ಕೆಲವು ಮದ್ದುಗಳು ಗರ್ಭನಿರೋಧಕವನ್ನೇ ಸೋಲಿಸುತ್ತವೆ. 2025ರಲ್ಲಿ ನಮ್ಮ ದೇಶಕ್ಕೆ ಬಂದ ಟಿರ್ಜೆಪಟೈಡ್ ಚುಚ್ಚುಮದ್ದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ನುಂಗಿದ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಶುರು ಮಾಡಿದ ಮೊದಲ 4 ವಾರ, ಪ್ರತಿ ಸಲ ಡೋಸು ಏರಿಸಿದ ನಂತರದ 4 ವಾರ ಕಾಂಡೋಮ್ ಕಡ್ಡಾಯ. ಕಾಪರ್-ಟಿ, ಇಂಜೆಕ್ಷನ್ ಇರುವವರಿಗೆ ಈ ತೊಡಕಿಲ್ಲ. ಕೊಬ್ಬು ಹೀರದಂತೆ ಮಾಡುವ ಆರ್ಲಿಸ್ಟಾಟ್‌ನಿಂದ ಜೋರು ಭೇದಿಯಾದರೂ ಇದೇ ಮಾತು.

ಆನ್‌ಲೈನಿನಲ್ಲಿ ಸಿಗುವ "ಡಿಟಾಕ್ಸ್" ಪುಡಿಗಳಲ್ಲಿ ಭೇದಿ ಮಾಡಿಸುವ ಸೊಪ್ಪು, ಇದ್ದಿಲು ಇರುತ್ತವೆ. ಇದ್ದಿಲು ಮಾತ್ರೆಯನ್ನು ತಾನೇ ಹೀರಿಕೊಳ್ಳುತ್ತದೆ. ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ. ವಾಂತಿ ಭೇದಿ ಎರಡು ದಿನ ಹಿಡಿದರೆ ಎರಡು ಮಾತ್ರೆ ತಪ್ಪಿದ ಹಾಗೆ ಎಣಿಸಿ: ಉಳಿದದ್ದು ಕ್ರಮದಂತೆ ಮುಂದುವರಿಸಿ, 7 ದಿನ ಕಾಂಡೋಮ್. ಥೈರಾಯ್ಡ್ ಸರಿ ಇದ್ದವರು ತೂಕ ಇಳಿಸಲೆಂದು ಥೈರಾಕ್ಸಿನ್ ನುಂಗುವುದು ಹೃದಯಕ್ಕೆ ಅಪಾಯ. ಕರುಳಿನ ದಾರಿ ಬದಲಿಸುವ ಬೊಜ್ಜಿನ ಆಪರೇಷನ್ ಮಾಡಿಸಿಕೊಂಡವರು ಮಾತ್ರೆಯನ್ನು ನಂಬುವ ಹಾಗಿಲ್ಲ, ವಂಕಿಯೋ ಇಂಜೆಕ್ಷನ್ನೋ ಕೇಳಿ.

ಹಂತ 8: ಬದಲಿಸುವುದಾದರೆ ನಡುವೆ ಬಿರುಕು ಬೇಡ

ಉಪ್ಪು ಹಿಡಿದು, ಮೂರು ತಿಂಗಳು ಲೆಕ್ಕ ಇಟ್ಟು, ಆದರೂ ತೂಕ ಏರುತ್ತಿದ್ದರೆ ಬದಲಿಸಿ. ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಪುಸ್ತಕ ತೋರಿಸಿದರೆ ಡಾಕ್ಟರೂ "ನೋಡುವಾ" ಎಂದು ತಳ್ಳಲಾರರು. ನಿಯಮ ಒಂದೇ, ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ.

ಮಾತ್ರೆಯಿಂದ ಕಾಪರ್-ಟಿಗೆ ಹೋಗುವವರು ಮಾತ್ರೆ ನುಂಗುತ್ತಾ ಇರುವಾಗಲೇ ಯಾವ ದಿನ ಬೇಕಾದರೂ ಹಾಕಿಸಿಕೊಳ್ಳಬಹುದು. ಕಾಪರ್-ಟಿ 380ಎ 10 ವರ್ಷಕ್ಕೆ, ಕಾಪರ್ 375 ಐದು ವರ್ಷಕ್ಕೆ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ನೋವು ಹೆಚ್ಚಬಹುದು, ಆದ್ದರಿಂದ ರಕ್ತಹೀನತೆ ಇರುವವರು ಮೊದಲು ಹಿಮೋಗ್ಲೋಬಿನ್ ನೋಡಿಸಿ.

ಅಂತರಾದಿಂದ ಮಾತ್ರೆಗೆ ಬರುವವರು ಮುಂದಿನ ಡೋಸಿನ ದಿನವೇ ಮೊದಲ ಮಾತ್ರೆ ನುಂಗಿದರೆ ಕಾಂಡೋಮ್ ಬೇಕಿಲ್ಲ. ಅಂತರಾದ ಡೋಸು ನಿಗದಿತ ದಿನಕ್ಕಿಂತ 14 ದಿನ ಮೊದಲು, 28 ದಿನ ನಂತರದವರೆಗೂ ಹಾಕಿಸಬಹುದು, ಹಾಗಾಗಿ ಯೋಚಿಸಲು ಸಮಯ ಉಂಟು. ಮಗು ಬೇಕೆಂದು ಬಿಡುವವರಿಗೆ ಗೊತ್ತಿರಬೇಕಾದದ್ದು: ಕೊನೆಯ ಡೋಸಿನಿಂದ ಬಸಿರು ನಿಲ್ಲುವವರೆಗೆ ಸರಾಸರಿ 10 ತಿಂಗಳು ಹಿಡಿಯುತ್ತದೆ. ಹಾಗೆಂದು ಅಷ್ಟು ಕಾಲ ರಕ್ಷಣೆ ಉಂಟು ಎಂದು ಯಾರೂ ಭಾವಿಸಬಾರದು.

ಛಾಯಾಕ್ಕೆ ಹೋಗುವವರು ಮುಟ್ಟಿನ ಮೊದಲ ದಿನ ಶುರು ಮಾಡಿ. ಮೊದಲ ಮೂರು ತಿಂಗಳು ವಾರಕ್ಕೆರಡು, ಉದಾಹರಣೆಗೆ ಭಾನುವಾರ ಮತ್ತು ಬುಧವಾರ, ನಾಲ್ಕನೇ ತಿಂಗಳಿಂದ ವಾರಕ್ಕೊಂದು. ಕ್ಯಾಲೆಂಡರಿನಲ್ಲಿ ಗುರುತು ಹಾಕದಿದ್ದರೆ ಮರೆಯುವುದು ಖಂಡಿತ. ಪಿಸಿಓಡಿ ಇರುವವರಿಗೆ, ಇತ್ತೀಚೆಗೆ ಕಾಮಾಲೆ ಬಂದವರಿಗೆ ಇದು ಆಗುವುದಿಲ್ಲ. ಮುಟ್ಟು ಮುಂದೆ ಹೋಗುವುದು ಇದರ ಸ್ವಭಾವ. 15 ದಿನಕ್ಕಿಂತ ಹೆಚ್ಚು ಹೋದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಿ.

ಹಾಲೂಡಿಸುವ ತಾಯಂದಿರು ಇಂಜೆಕ್ಷನ್ ಬಿಟ್ಟು ಎರಡು ಹಾರ್ಮೋನಿನ ಮಾತ್ರೆಗೆ ಹೋಗುವುದಾದರೆ ಮಗುವಿಗೆ 6 ತಿಂಗಳಾಗಲಿ. 35 ದಾಟಿ ಸಿಗರೇಟು ಬೀಡಿ ಸೇದುವವರಿಗೆ, ಬಿಪಿ 140/90 ದಾಟಿದವರಿಗೆ, ಕಣ್ಣ ಮುಂದೆ ಮಿಂಚು ಬಂದು ಶುರುವಾಗುವ ಮೈಗ್ರೇನ್ ಇರುವವರಿಗೆ ಆ ಮಾತ್ರೆ ಬೇಡ. ಇಂಥವರು ತೂಕದ ಸಿಟ್ಟಿಗೆ ಅಂತರಾ ಬಿಟ್ಟು ಮೆಡಿಕಲ್‌ನಿಂದ ಯಾವುದೋ ಮಾತ್ರೆ ತರುವುದೇ ದೊಡ್ಡ ತಪ್ಪು.

ಹೊಸ ಮದ್ದು ಶುರುವಾದ ದಿನ ಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆದು, ಆ ದಿನದ ತೂಕ, ಸೊಂಟ, ಬಿಪಿ ಮತ್ತೆ ಬರೆಯಿರಿ. ಮುಂದಿನ ಭೇಟಿ ಮೂರು ತಿಂಗಳಿಗೆ. ಸರಕಾರಿ ಆಸ್ಪತ್ರೆಯಲ್ಲಿ ಯಾವುದು ಸಿಗುತ್ತದೆ ಎಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ 104ಕ್ಕೆ ಫೋನ್ ಮಾಡಿ ಕೇಳಿಕೊಳ್ಳಬಹುದು.